ಹಳೆಯ ಕೋವಿಯ ವಯಸ್ಸು ಅಳೆಯುವುದು ಹೇಗೆ?

ಅಮೆರಿಕದ ಒಂದೇ ಕಾರ್ಖಾನೆಯಲ್ಲಿ, ಒಂದೇ ನಕ್ಷೆಯ ಪ್ರಕಾರ ತಯಾರಾದ ಎರಡು ಕೋವಿಗಳಿವೆ ಎಂದುಕೊಳ್ಳಿ. ಒಂದು 1898ರ ಡಿಸೆಂಬರ್‌ನಲ್ಲಿ ಸಿದ್ಧವಾದದ್ದು, ಇನ್ನೊಂದು ಮರುತಿಂಗಳು, 1899ರ ಜನವರಿಯಲ್ಲಿ. ಎರಡಕ್ಕೂ ಹಾಕುವುದು ಅದೇ ತೋಟಾ. ಎರಡೂ ಅಷ್ಟೇ ದೂರಕ್ಕೆ ಅಷ್ಟೇ ಚರೆ ಎರಚುತ್ತವೆ. ಆದರೆ ಆ ದೇಶದ 1968ರ ಬಂದೂಕು ನಿಯಂತ್ರಣ ಕಾಯ್ದೆಯ ಕಣ್ಣಿಗೆ ಮೊದಲನೆಯದು ಬಂದೂಕೇ ಅಲ್ಲ, ಪುರಾತನ ವಸ್ತು. ಎರಡನೆಯದು ನಿನ್ನೆ ಅಂಗಡಿಯಿಂದ ತಂದ ಹೊಸ ಬಂದೂಕಿನಷ್ಟೇ ಬಂದೂಕು. ಫೆಡರಲ್ ಕಾನೂನಿನ ಮಟ್ಟಿಗೆ ಮೊದಲನೆಯದನ್ನು ಬೇರೆ ರಾಜ್ಯದಿಂದ ನೇರವಾಗಿ ಮನೆಗೇ ತರಿಸಿಕೊಳ್ಳಬಹುದು. ಎರಡನೆಯದನ್ನು ಹಾಗೆ ತರಿಸಲು ಲೈಸೆನ್ಸುಳ್ಳವರೊಬ್ಬರು ನಡುವೆ ಬರಬೇಕು. ರಾಜ್ಯಗಳ ಕಾನೂನು ಬೇರೆ ಬೇರೆ, ಆ ಗೋಜಲು ಸದ್ಯಕ್ಕೆ ಬೇಡ.

ಈ ತಮಾಷೆಗೆ ಒಳ್ಳೆಯ ಉದಾಹರಣೆಯೆಂದರೆ ವಿಂಚೆಸ್ಟರ್ ಮಾಡೆಲ್ 1887. ಲಿವರ್ ಎಳೆದು ಈಡು ತುಂಬಿಕೊಳ್ಳುವ ಚರೆ ಕೋವಿ ಇದು. ತಯಾರಾದದ್ದು 1887ರಿಂದ 1901ರವರೆಗೆ, ಅಂದರೆ ಕಾನೂನಿನ ಗಡಿಯ ಎರಡೂ ಕಡೆ ಕಾಲು ಚಾಚಿಕೊಂಡು ಕೂತಿದೆ. ಅಮೆರಿಕದಲ್ಲಿ ಇದನ್ನು ಹುಡುಕಿ ಕೊಳ್ಳುವವರೂ ಇದ್ದಾರೆ, ಕೊಂಡು ಈಡು ಹೊಡೆಯುವವರೂ ಇದ್ದಾರೆ. ಇಬ್ಬರ ಹವ್ಯಾಸ ಒಂದೇ ಎಂದು ಹೊರಗಿನವರಿಗೆ ತೋರಬಹುದು. ಆದರೆ ಕೊಳ್ಳುವವನು ಕೋವಿಗೆ ಕೇಳುವ ಪ್ರಶ್ನೆ ಬೇರೆ, ಹೊಡೆಯುವವನು ಕೇಳಬೇಕಾದ ಪ್ರಶ್ನೆ ಬೇರೆ, ಸರ್ಕಾರ ಕೇಳುವುದು ಮತ್ತೂ ಬೇರೆ. ಒಂದಕ್ಕೆ ಸಿಕ್ಕ ಉತ್ತರವನ್ನು ಇನ್ನೊಂದಕ್ಕೆ ಅಂಟಿಸಿದಾಗಲೇ ಅನಾಹುತ ಆಗುವುದು.

ಬಂದೂಕಿನ ಪರಿಚಯ ಇಲ್ಲದವರಿಗಾಗಿ ಒಂದೆರಡು ಮಾತು. ರೈಫಲ್ಲಿನ ನಳಿಗೆಯೊಳಗೆ ಸುರುಳಿ ಗೀರುಗಳಿರುತ್ತವೆ, ಅವು ಒಂದೇ ಗುಂಡನ್ನು ತಿರುಗಿಸಿ ದೂರಕ್ಕೆ ಕಳಿಸುತ್ತವೆ. ಚರೆ ಕೋವಿಯ ನಳಿಗೆ ಒಳಗೆ ನುಣುಪು. ಅದರಿಂದ ಸಣ್ಣ ಸೀಸದ ಚರೆಗಳು ಗೊಂಚಲಾಗಿ ಹೊರಟು ಹರಡುತ್ತವೆ. ಹಾರುವ ಹಕ್ಕಿಗೆ ಹೊಡೆಯಲು ಅದೇ ಬೇಕು. ನಳಿಗೆಯ ಅಗಲಕ್ಕೆ ಇಂಗ್ಲೆಂಡಿನ ಹಳೆಯ ಲೆಕ್ಕ ಇನ್ನೂ ನಡೆಯುತ್ತಿದೆ. ಒಂದು ಪೌಂಡು ಸೀಸವನ್ನು ಹನ್ನೆರಡು ಸಮ ಉಂಡೆ ಮಾಡಿದರೆ ಒಂದು ಉಂಡೆ ಎಷ್ಟು ದಪ್ಪವೋ ಅಷ್ಟು ಅಗಲದ್ದು 12 ಬೋರ್, ಸುಮಾರು 18.5 ಮಿಲಿಮೀಟರ್. ಹತ್ತೇ ಉಂಡೆ ಮಾಡಿದರೆ 10 ಬೋರ್, ಸುಮಾರು 19.7. ಹಾಗಾಗಿ ಸಂಖ್ಯೆ ಇಳಿದಷ್ಟೂ ಕೋವಿ ದೊಡ್ಡದು. ಮಾಡೆಲ್ 1887 ಈ ಎರಡೂ ಬೋರ್‌ಗಳಲ್ಲಿ ಬಂತು.

ಇದನ್ನು ರೂಪಿಸಿದವನು ಯೂಟಾದ ಆಗ್ಡೆನ್ ಊರಿನ ಜಾನ್ ಮೋಸಸ್ ಬ್ರೌನಿಂಗ್. 1855ರಲ್ಲಿ ಹುಟ್ಟಿದ, ಕೋವಿ ರಿಪೇರಿಯವನ ಮಗ. ಅವನ ಒಂಟಿ ಈಡಿನ ರೈಫಲ್ಲನ್ನು ಕಂಡು ವಿಂಚೆಸ್ಟರ್ ಕಂಪನಿಯ ಟಿ. ಜಿ. ಬೆನೆಟ್ 1883ರಲ್ಲಿ ಕನೆಕ್ಟಿಕಟ್‌ನ ನ್ಯೂ ಹೇವನ್‌ನಿಂದ ಆಗ್ಡೆನ್‌ವರೆಗೆ ಪ್ರಯಾಣ ಮಾಡಿ 8,000 ಡಾಲರಿಗೆ ಹಕ್ಕು ಕೊಂಡ. ಅಲ್ಲಿಂದ ಇಬ್ಬರ ನಡುವೆ ಸುಮಾರು ಎರಡು ದಶಕದ ವ್ಯವಹಾರ ನಡೆಯಿತು. ಬ್ರೌನಿಂಗ್ ರೂಪಿಸುವುದು, ವಿಂಚೆಸ್ಟರ್ ಕೊಂಡು ತಯಾರಿಸುವುದು. ಸಾಲು ಈಡಿನ ಚರೆ ಕೋವಿ ಬೇಕು ಎಂದು ಕಂಪನಿ ಕೇಳಿದಾಗ ಬ್ರೌನಿಂಗ್‌ನ ಒಲವಿದ್ದದ್ದು ಪಂಪ್ ಮಾದರಿಯತ್ತ: ನಳಿಗೆಯ ಕೆಳಗಿನ ಮರದ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ದೂಡುವ ಬಗೆ. ಕಂಪನಿ ಒಪ್ಪಲಿಲ್ಲ. ವಿಂಚೆಸ್ಟರ್ ಎಂದರೆ ಲಿವರ್ ಎಂದು ಜನ ಗುರುತಿಸುತ್ತಿದ್ದ ಕಾಲ ಅದು, 1873ರ ರೈಫಲ್ಲು ಮಾಡಿದ ಹೆಸರು. ಚರೆ ಕೋವಿಗೂ ಲಿವರ್ರೇ ಇರಬೇಕು ಎಂಬುದು ಮಾಲೀಕರ ಹಟ.

ಈ ಹಟವೇ ನನಗೆ ಈ ಕೋವಿಯ ಅತ್ಯಂತ ಸ್ವಾರಸ್ಯದ ಭಾಗ. ತಂತ್ರದ ದೃಷ್ಟಿಯಿಂದ ಚರೆ ಕೋವಿಗೆ ಲಿವರ್ ಅಷ್ಟೇನೂ ಒಗ್ಗುವುದಿಲ್ಲ. ಪಂಪಿನಲ್ಲಿ ಬಲಗೈ ಟ್ರಿಗರ್ ಬಿಟ್ಟು ಕದಲಬೇಕಿಲ್ಲ, ಎಡಗೈಯೇ ಕೆಲಸ ಮುಗಿಸುತ್ತದೆ, ಕಣ್ಣು ಹಕ್ಕಿಯ ಮೇಲೇ ಇರುತ್ತದೆ. ಲಿವರ್ರಿನಲ್ಲಿ ಟ್ರಿಗರ್ ಎಳೆದ ಕೈಯೇ ಕೆಳಗಿಳಿದು ಮೇಲೆ ಬರಬೇಕು. ಅದೂ ಉದ್ದದ, ದಪ್ಪದ ತೋಟಾವನ್ನು ಸಾಗಿಸಬೇಕಾದ್ದರಿಂದ ಲಿವರ್ರಿನ ಬೀಸು ದೊಡ್ಡದು. ಆದರೂ ಬ್ರೌನಿಂಗ್ ಕೊಟ್ಟ ಪರಿಹಾರ ಜಾಣತನದ್ದು. ರೈಫಲ್ಲಿನಂತೆ ಬೋಲ್ಟು ಹಿಂದಕ್ಕೂ ಮುಂದಕ್ಕೂ ಸರಿಯುವುದಿಲ್ಲ. ನಳಿಗೆಯ ಹಿಂಬಾಯಿ ಮುಚ್ಚುವ ಉಕ್ಕಿನ ಗಟ್ಟಿ ತುಂಡು ಒಂದು ಅಚ್ಚಿನ ಮೇಲೆ ಹೊರಳಿ ಕೆಳಗಿಳಿಯುತ್ತದೆ. ಸುಟ್ಟ ತೋಟಾ ಮೇಲಕ್ಕೆ ಚಿಮ್ಮುತ್ತದೆ, ನಳಿಗೆಯ ಕೆಳಗಿನ ಕೊಳವೆಯಿಂದ ಹೊಸದು ಹಿಂದೆ ಜಾರಿ ಬರುತ್ತದೆ, ಲಿವರ್ ಮುಚ್ಚಿದಾಗ ಅದೇ ತುಂಡು ಹೊರಳಿ ಮೇಲೆದ್ದು ತೋಟಾವನ್ನು ಒಳದೂಡಿ ಬಾಯಿ ಮುಚ್ಚುತ್ತದೆ. ಕೊಳವೆಗೆ ಐದು ತೋಟಾ ಹಿಡಿಸುತ್ತವೆ. ತುಂಬುವುದು ಲಿವರ್ ತೆರೆದು ಮೇಲಿನಿಂದ. ಬಿಚ್ಚಿ ನೋಡಿದರೆ ಬಿಡಿಭಾಗಗಳು ಆಶ್ಚರ್ಯವಾಗುವಷ್ಟು ಕಡಿಮೆ. ಒಂದು ಸ್ವಭಾವವಂತೂ ಇದೆ: ಅಳುಕಿ, ಅರೆಮನಸ್ಸಿನಿಂದ ಲಿವರ್ ಎಳೆದರೆ ತೋಟಾ ಸಿಕ್ಕಿಹಾಕಿಕೊಳ್ಳುತ್ತದೆ. ಕೊನೆಯವರೆಗೂ ಬೀಸಿ ಎಳೆಯಬೇಕು.

ಕೌಬಾಯ್ ಚಿತ್ರಗಳ ನೆನಪಿನಲ್ಲಿ ಇದನ್ನು ಪಶ್ಚಿಮದ ಹುಲ್ಲುಗಾವಲಿನ ಕೋವಿ ಎಂದುಕೊಳ್ಳುವವರೇ ಹೆಚ್ಚು. ಇದು ಮಾರುಕಟ್ಟೆಗೆ ಬಂದು ಮೂರೇ ವರ್ಷಕ್ಕೆ, 1890ರ ಜನಗಣತಿಯೊಂದಿಗೆ, ಗಡಿನಾಡು ಎಂಬುದು ಇನ್ನಿಲ್ಲ ಎಂದು ಅಮೆರಿಕದ ಸರ್ಕಾರವೇ ಹೇಳಿಬಿಟ್ಟಿತು. ಕಾವಲು ಕಾಯುವವರಿಗೆಂದು 20 ಇಂಚಿನ ಗಿಡ್ಡ ನಳಿಗೆಯ ಮಾದರಿ ಇತ್ತು, ನಿಜ. ಆದರೆ 30, 32 ಇಂಚಿನ ಉದ್ದ ನಳಿಗೆಯ 10 ಬೋರ್ ಕೋವಿಯ ಅಸಲು ಲೋಕ ಕೆರೆ, ಕೊಲ್ಲಿ, ಜೌಗು. ಬಾತುಕೋಳಿಗಳನ್ನು ಹಿಂಡುಗಟ್ಟಲೆ ಹೊಡೆದು ಪಟ್ಟಣದ ಮಾಂಸದ ಅಂಗಡಿಗಳಿಗೆ ಸಾಗಿಸುತ್ತಿದ್ದ ಕಾಲ ಅದು. ಆ ಲೂಟಿಗೆ ತಡೆ ಹಾಕಲು 1900ರಲ್ಲಿ ಲೇಸಿ ಕಾಯ್ದೆ ಬಂತು, 1918ರಲ್ಲಿ ವಲಸೆ ಹಕ್ಕಿಗಳ ಕಾಯ್ದೆ ಬಂತು, 1935ರಿಂದ ವಲಸೆ ಹಕ್ಕಿಗಳ ಬೇಟೆಗೆ ಒಯ್ಯುವ ಕೋವಿಯಲ್ಲಿ ಒಟ್ಟು ಮೂರೇ ತೋಟಾ ಎಂಬ ಮಿತಿ ಬಂತು. ಸಾಲು ಈಡಿನ ಕೋವಿ ಹಕ್ಕಿಗಳ ಪಾಲಿಗೆ ಏನಾಗಿತ್ತು ಎಂಬುದಕ್ಕೆ ಆ ಮಿತಿಯೇ ಸಾಕ್ಷಿ.

ಕೋವಿಗೆ ಮುಪ್ಪು ಬಂದದ್ದು ಮದ್ದಿನಿಂದ. 1887 ಎಂದರೆ ಕರಿಮದ್ದಿನ ಕಾಲ: ಪೆಟ್ಲುಪ್ಪು ಸುಮಾರು 75 ಪಾಲು, ಇದ್ದಿಲು 15, ಗಂಧಕ 10. ಸುಟ್ಟಾಗ ಅರ್ಧಕ್ಕಿಂತ ಹೆಚ್ಚು ಅನಿಲವಾಗದೆ ಮಸಿಯಾಗಿ, ಹೊಗೆಯಾಗಿ ಉಳಿಯುತ್ತದೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಹೊಗೆರಹಿತ ಮದ್ದು ಕಂಡುಹಿಡಿದಾಗಿತ್ತು. ಅದು ಚರೆ ಕೋವಿಯ ತೋಟಾಗಳಿಗೆ ಇಳಿದು ಬಂದಂತೆ ನಳಿಗೆಯೊಳಗಿನ ಒತ್ತಡವೂ ಏರಿತು. ಕರಿಮದ್ದಿಗೆಂದು ಲೆಕ್ಕ ಹಾಕಿದ ಕೋವಿಗೆ ಇದು ಹೊರೆ. ಅಷ್ಟರಲ್ಲಿ ಬ್ರೌನಿಂಗ್‌ನ ಮಾತೇ ಗೆದ್ದಿತ್ತು. ವಿಂಚೆಸ್ಟರ್ 1893ರಲ್ಲಿ ಪಂಪ್ ಕೋವಿ ತಂದಿತು, ಅದನ್ನು ಬಲಪಡಿಸಿ 1897ರ ಮಾದರಿ ಮಾಡಿತು. ಅದು ಎಷ್ಟು ಮಾರಿತೆಂದರೆ ಲಿವರ್ ಕೋವಿಗೆ 12 ಬೋರ್‌ನಲ್ಲಿ ಜಾಗವೇ ಉಳಿಯಲಿಲ್ಲ. 64,855ಕ್ಕೆ 1887ರ ಮಾದರಿ ನಿಂತಿತು. ಉಳಿದ ಜೀವವನ್ನು ಮಾಡೆಲ್ 1901 ಎಂಬ ಹೆಸರಿನಲ್ಲಿ ಹೊಸ ಮದ್ದಿಗೆ ತಕ್ಕಂತೆ ಬಲಪಡಿಸಿ 10 ಬೋರ್‌ನಲ್ಲಿ ಮಾತ್ರ ಹೊರತಂದರು. ತನ್ನದೇ ಪಂಪಿಗೆ ಪೈಪೋಟಿ ಕೊಡಬಾರದು ಎಂಬ ಲೆಕ್ಕ. 1920ರ ಹೊತ್ತಿಗೆ ಅದೂ ಮುಗಿಯಿತು. ಬ್ರೌನಿಂಗ್ ಅಷ್ಟರಲ್ಲಿ ವಿಂಚೆಸ್ಟರನ್ನೇ ಬಿಟ್ಟು ಬೆಲ್ಜಿಯಂನ ಕಾರ್ಖಾನೆಯೊಂದಿಗೆ ಕೈಜೋಡಿಸಿದ್ದ.

ಇನ್ನು ಸಂಗ್ರಹದ ಮಾತು. ಅರವತ್ತು ಚಿಲ್ಲರೆ ಸಾವಿರ ಎಂದರೆ ಅಪರೂಪ ಎನ್ನಲಾಗದು. ಅಪರೂಪ ಇರುವುದು ಕೆಡದೆ ಉಳಿದದ್ದರಲ್ಲಿ. ಇವು ಗದ್ದೆ, ದೋಣಿ, ಜೌಗಿನಲ್ಲಿ ದುಡಿದ ಕೋವಿಗಳು. ಹೊಸದಾಗಿದ್ದಾಗ ಮಧ್ಯದ ಉಕ್ಕಿನ ಒಡಲಿನ ಮೇಲೆ ನೀಲಿ, ಕಂದು, ಬೂದು ಬಣ್ಣಗಳ ಮೋಡದಂಥ ಹೊಳಪು ಇರುತ್ತಿತ್ತು. ಇದ್ದಿಲಿನಲ್ಲಿ ಕಾಯಿಸಿ ಒಮ್ಮೆಲೇ ನೀರಿಗೆ ಅದ್ದಿದಾಗ ಮೂಡುವ ಬಣ್ಣ ಅದು. ತಾಳಿಕೆ ಕಡಿಮೆ, ಕೈ ಬೆವರು ಬಿಸಿಲುಗಳಿಗೆ ಮಾಸುತ್ತದೆ. ಆ ಬಣ್ಣ ಇನ್ನೂ ಎದ್ದು ಕಾಣುವ ಕೋವಿಗೆ ಬೆಲೆಯೇ ಬೇರೆ. ಎಡಮಗ್ಗುಲಲ್ಲಿ ಕಂಪನಿಯ ಅಕ್ಷರಗಳನ್ನು ಹೆಣೆದು ಕೊರೆದ ಗುರುತು ಇರುತ್ತದೆ. ಅದರ ಅಂಚು ಚೂಪಾಗಿದ್ದರೆ ಸರಿ, ಸವೆದು ಮೊಂಡಾಗಿದ್ದರೆ ಯಾರೋ ಉಜ್ಜಿ ಪಾಲಿಷ್ ಮಾಡಿದ್ದಾರೆ ಎಂದರ್ಥ. ಹೊಸಬರು ಎಡವುವುದು ಇಲ್ಲೇ. ಮಂಕಾದ ಕೋವಿಯನ್ನು ತಿಕ್ಕಿ, ಬಣ್ಣ ಕಟ್ಟಿಸಿ, ಮರಕ್ಕೆ ವಾರ್ನಿಷ್ ಬಳಿದು ಮಿಂಚಿಸಿದರೆ ಬೆಲೆ ಏರುತ್ತದೆ ಎಂದುಕೊಳ್ಳುತ್ತಾರೆ. ಆಗುವುದು ತಿರುವುಮುರುವು. ನೂರು ವರ್ಷದ ಮಂಕನ್ನು ಮತ್ತೆ ತರಿಸಲಾಗದು.

ಮುಂಗೈ ಹಿಡಿಯುವ ಎರಡು ಮರದ ಹೋಳುಗಳಲ್ಲಿ ಸೀಳು, ಹಿಂದಿನ ಹಿಡಿಯ ಕೊರಳಲ್ಲಿ ಬಿರುಕು, ಕುಯ್ದು ಗಿಡ್ಡ ಮಾಡಿದ ನಳಿಗೆ, ಬೇರೆ ಕೋವಿಯಿಂದ ತಂದು ಕೂರಿಸಿದ ಲಿವರ್, ಹೀಗೆ ನೋಡುವವರು ನೋಡುವುದು ಸಾಕಷ್ಟಿದೆ. ಎಲ್ಲಕ್ಕಿಂತ ಮುಖ್ಯ ಒಡಲಿನ ಅಡಿಯಲ್ಲಿ ಕೊರೆದ ಕ್ರಮಸಂಖ್ಯೆ. ವಯೋಮಿಂಗ್‌ನ ಕೋಡಿ ಊರಿನ ಬಂದೂಕು ವಸ್ತುಸಂಗ್ರಹಾಲಯದಲ್ಲಿ ವಿಂಚೆಸ್ಟರ್ ಕಾರ್ಖಾನೆಯ ಹಳೆಯ ದಾಖಲೆ ಪುಸ್ತಕಗಳಿವೆ. ಸಂಖ್ಯೆ ಬರೆದು ಶುಲ್ಕ ಕಟ್ಟಿದರೆ ಆ ಕೋವಿ ಎಷ್ಟು ಬೋರ್‌ನದು, ಎಂಥ ನಳಿಗೆಯೊಂದಿಗೆ, ಯಾವಾಗ ಕಾರ್ಖಾನೆ ಬಿಟ್ಟಿತು ಎಂದು ದಾಖಲೆಯಲ್ಲಿ ಇದ್ದಷ್ಟನ್ನು ಪತ್ರದಲ್ಲಿ ಬರೆದು ಕಳಿಸುತ್ತಾರೆ. ಕೈಯಲ್ಲಿರುವ ಕೋವಿ 20 ಇಂಚಿನದು, ಪತ್ರದಲ್ಲಿ 32 ಇಂಚು ಎಂದಿದ್ದರೆ, ಅಪರೂಪದ ಕಾವಲುಗಾರರ ಮಾದರಿ ಎಂದು ಹೇಳಿ ಮಾರುತ್ತಿರುವವನ ಬಣ್ಣ ಬಯಲಾಯಿತು.

ಇದೇ ಸಂಖ್ಯೆಯನ್ನೇ ಕಾನೂನೂ ನೋಡುವುದು. 1898 ಮತ್ತು ಅದಕ್ಕೂ ಹಿಂದಿನದು ಪುರಾತನ, ನಂತರದ್ದು ಬಂದೂಕು. ಕಾಲ ಉರುಳಿದಂತೆ ಈ ಗೆರೆ ಮುಂದೆ ಸರಿಯುವುದಿಲ್ಲ, 1968ರಲ್ಲಿ ಎಳೆದಲ್ಲೇ ನಿಂತಿದೆ. ಅಮೆರಿಕದ ಕಾನೂನು ಇಷ್ಟೇ ಆಗಿದ್ದರೆ ಸರಳವಾಗಿತ್ತು. 1934ರ ಇನ್ನೊಂದು ಕಾಯ್ದೆ 18 ಇಂಚಿಗಿಂತ ಗಿಡ್ಡ ನಳಿಗೆಯ ಚರೆ ಕೋವಿಗೆ ಬಿಗಿ ನಿರ್ಬಂಧ ಹಾಕಿದೆ. ಆ ಕಾಯ್ದೆಯಲ್ಲಿ ಪುರಾತನ ಎನಿಸಿಕೊಳ್ಳಲು ಬರೀ ವರ್ಷ ಸಾಲದು. ತೋಟಾ ಹಾಕುವ ಕೋವಿಯಾದರೆ, ಅದರ ತೋಟಾ ಈಗ ಅಮೆರಿಕದಲ್ಲಿ ತಯಾರಾಗುತ್ತಿರಬಾರದು, ಮಾಮೂಲಿ ವ್ಯಾಪಾರದಲ್ಲಿ ಸಿಗುವಂತಿರಬಾರದು. 12 ಬೋರ್ ತೋಟಾ ಎಲ್ಲೆಲ್ಲೂ ಸಿಗುತ್ತದೆ. ಹೀಗಾಗಿ 1890ರ 12 ಬೋರ್ ಕೋವಿಯ ನಳಿಗೆಯನ್ನು ಯಾವನೋ ಹಿಂದೆಂದೋ 16 ಇಂಚಿಗೆ ಕುಯ್ದಿದ್ದರೆ ಒಂದು ಕಾಯ್ದೆಗೆ ಅದು ಪುರಾತನ ವಸ್ತು, ಇನ್ನೊಂದಕ್ಕೆ ನೋಂದಣಿ ಇಲ್ಲದೆ ಇಟ್ಟುಕೊಂಡರೆ ಜೈಲಿಗೆ ಕಳಿಸಬಲ್ಲ ಆಯುಧ. ಅಜ್ಜನ ಅಟ್ಟದಲ್ಲಿ ಕೋವಿ ಸಿಕ್ಕವನು ಮೊದಲು ತೆಗೆದುಕೊಳ್ಳಬೇಕಾದ್ದು ಅಳತೆ ಟೇಪು.

ಎರಡನೆಯ ಕಾಯ್ದೆ ಹೆಚ್ಚು ವಿವೇಕದ್ದು ಎಂದೇ ನನ್ನ ಅಭಿಪ್ರಾಯ. ಅದು ಕೇಳುವುದು ‘ಎಂದಿನದು’ ಎಂಬುದನ್ನಷ್ಟೇ ಅಲ್ಲ, ‘ಇವತ್ತು ಏನು ಮಾಡಬಲ್ಲದು’ ಎಂಬುದನ್ನೂ.

ಆಸ್ಟ್ರೇಲಿಯಾದವರು ಇದೇ ಪ್ರಶ್ನೆಯನ್ನು ತಡವಾಗಿ, ಜಗಳವಾಡಿ ಕೇಳಿಕೊಂಡರು. 1996ರ ಏಪ್ರಿಲ್‌ನಲ್ಲಿ ಪೋರ್ಟ್ ಆರ್ಥರ್‌ನಲ್ಲಿ ಒಬ್ಬ 35 ಜನರನ್ನು ಕೊಂದ ಮೇಲೆ ಅಲ್ಲಿ ಪಂಪ್ ಮತ್ತು ಅರೆಸ್ವಯಂಚಾಲಿತ ಚರೆ ಕೋವಿಗಳಿಗೆ ಬಿಗಿ ಕಡಿವಾಣ ಬಿತ್ತು. ಲಿವರ್ ಚರೆ ಕೋವಿ ಮಾತ್ರ ಅತ್ಯಂತ ಸಡಿಲ ವರ್ಗದಲ್ಲಿ ಉಳಿಯಿತು. ಅಜ್ಜಂದಿರ ಕಾಲದ ತಂತ್ರ, ಯಾರು ತಲೆ ಕೆಡಿಸಿಕೊಳ್ಳುತ್ತಾರೆ! ಸುಮಾರು ಇಪ್ಪತ್ತು ವರ್ಷದ ನಂತರ ಟರ್ಕಿಯ ಆಡ್ಲರ್ ಎಂಬ ಹೊಸ ಲಿವರ್ ಕೋವಿ ಆಮದಾಗತೊಡಗಿತು. ಏಳು ತೋಟಾ ಹಿಡಿಸುವ ಮಾದರಿಯ ಆಮದನ್ನು 2015ರಲ್ಲಿ ತಡೆದರು. 2016ರ ಡಿಸೆಂಬರ್‌ನಲ್ಲಿ ಐದರವರೆಗೆ ಹಿಡಿಸುವುದನ್ನು ಒಂದು ಮೆಟ್ಟಿಲು ಬಿಗಿ ವರ್ಗಕ್ಕೂ, ಐದಕ್ಕಿಂತ ಹೆಚ್ಚಿನದನ್ನು ಅತ್ಯಂತ ಬಿಗಿ ವರ್ಗಕ್ಕೂ ಸೇರಿಸಲು ಒಪ್ಪಿಕೊಂಡರು. ಲಿವರ್ ಹಳೆಯದು ಎಂಬ ಭಾವನೆ ಕಾನೂನಿನ ಕಣ್ಣಿಗೇ ಪೊರೆ ಕಟ್ಟಿತ್ತು.

ಈಗ ಹೊಡೆಯುವವನ ಪ್ರಶ್ನೆ. ಇಲ್ಲಿ ವರ್ಷದಿಂದ ಏನೂ ಉಪಯೋಗವಿಲ್ಲ, ಬೋರ್‌ನಿಂದಲೂ ಅಷ್ಟಕ್ಕಷ್ಟೇ. ನೋಡಬೇಕಾದ್ದು ಚೇಂಬರ್, ಅಂದರೆ ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಗೂಡು. ಮಾಡೆಲ್ 1887ರ 12 ಬೋರ್ ಕೋವಿಯಲ್ಲಿ ಅದರ ಉದ್ದ ಎರಡು ಇಂಚಿನ ಮೇಲೆ ಇಂಚಿನ ಎಂಟರಲ್ಲಿ ಐದು ಪಾಲು, ಸುಮಾರು 67 ಮಿಲಿಮೀಟರ್. ಇಂದು ಅಂಗಡಿಯಲ್ಲಿ ಸಿಗುವ ಸಾಧಾರಣ 12 ಬೋರ್ ತೋಟಾ ಎರಡೂಮುಕ್ಕಾಲು ಇಂಚಿನದು, 70 ಮಿಲಿಮೀಟರ್. ವ್ಯತ್ಯಾಸ ಮೂರು ಮಿಲಿಮೀಟರ್. ಏನು ಮಹಾ ಎನ್ನಿಸಬಹುದು. ಅದರಲ್ಲೂ ಹೊಸ ತೋಟಾವನ್ನು ಹಳೆಯ ಕೋವಿಗೆ ಹಾಕಿ ನೋಡಿದರೆ ಎಲ್ಲೂ ತಡೆಯದೆ ಸಲೀಸಾಗಿ ಒಳಹೋಗುತ್ತದೆ, ಬಾಯಿಯೂ ಸರಿಯಾಗಿ ಮುಚ್ಚುತ್ತದೆ. ಮೋಸ ಇರುವುದೇ ಇಲ್ಲಿ. ತೋಟಾದ ಡಬ್ಬಿಯ ಮೇಲೆ ಬರೆದಿರುವುದು ಹೊಡೆದ ನಂತರದ ಉದ್ದ. ಹೊಡೆಯುವ ಮೊದಲು ಅದರ ಮೂತಿಯನ್ನು ಒಳಕ್ಕೆ ಮಡಚಿರುತ್ತಾರೆ, ಒಂದು ಸೆಂಟಿಮೀಟರಿಗೂ ಹೆಚ್ಚು ಗಿಡ್ಡವಾಗಿರುತ್ತದೆ. ಟ್ರಿಗರ್ ಎಳೆದ ಕ್ಷಣದಲ್ಲಿ ಮಡಿಕೆ ಬಿಚ್ಚಿ ಮುಂದಕ್ಕೆ ಚಾಚುತ್ತದೆ. ಚಾಚಲು ಗೂಡಿನಲ್ಲಿ ಜಾಗವಿಲ್ಲದಿದ್ದರೆ ಅದರ ಅಂಚು ನಳಿಗೆ ಕಿರಿದಾಗುವ ಇಳಿಜಾರಿನೊಳಗೆ ನುಗ್ಗುತ್ತದೆ. ಚರೆ ಹೊರಡಬೇಕಾದ ದಾರಿ ಅಷ್ಟು ಇಕ್ಕಟ್ಟಾಯಿತು, ಹಿಂದಿನ ಒತ್ತಡ ಅಷ್ಟು ಏರಿತು.

ಒತ್ತಡ ಮೊದಲೇ ಹೆಚ್ಚಿರುತ್ತದೆ ಬೇರೆ. ಎರಡೂಮುಕ್ಕಾಲು ಇಂಚಿನ 12 ಬೋರ್ ತೋಟಾಕ್ಕೆ ಅಮೆರಿಕದ ಬಂದೂಕು ಉದ್ಯಮ ಇಟ್ಟುಕೊಂಡಿರುವ ಗರಿಷ್ಠ ಮಿತಿ ಚದರ ಇಂಚಿಗೆ 11,500 ಪೌಂಡು. ಕರಿಮದ್ದಿನ ಸಾಧಾರಣ ತೋಟಾ ಇದಕ್ಕಿಂತ ಬಹಳ ಕೆಳಗಿರುತ್ತದೆ. ನೂರಾಮೂವತ್ತು ವರ್ಷದ ಉಕ್ಕು, ಒಳಗೆ ತುಕ್ಕು ಕೊರೆದ ಗುಂಡಿಗಳು, ಸವೆದ ಅಚ್ಚು, ಅದರ ಮೇಲೆ ಈ ಹೊರೆ. ಒಂದು ಸಲ ಹೊಡೆದು ಏನೂ ಆಗಲಿಲ್ಲ ಎಂದರೆ ಸರಿ ಇದೆ ಎಂದಲ್ಲ, ಲೋಹದೊಳಗಿನ ಬಿರುಕು ಬೆಳೆಯಲು ಸಮಯ ತೆಗೆದುಕೊಳ್ಳುತ್ತದೆ. ಇನ್ನು ಹೆಚ್ಚು ಹಣ ಕೊಟ್ಟವರಿಗೆ ಕಂಪನಿ ಡಮಾಸ್ಕಸ್ ನಳಿಗೆ ಹಾಕಿಕೊಡುತ್ತಿತ್ತು. ಕಬ್ಬಿಣ ಉಕ್ಕುಗಳ ಪಟ್ಟಿಗಳನ್ನು ಹೊಸೆದು, ಜಡೆಯಂತೆ ಸರಳಿಗೆ ಸುತ್ತಿ, ಬಡಿದು ಬೆಸೆದ ನಳಿಗೆ ಅದು. ಮೈಮೇಲಿನ ನವಿರಾದ ಅಲೆ ನೋಡಲು ಚೆಂದ. ಆದರೆ ಅದರ ತುಂಬ ಬೆಸುಗೆ, ಬೆಸುಗೆಯ ಸಂದಿನಲ್ಲಿ ಎಲ್ಲಿ ತುಕ್ಕು ಹೊಕ್ಕಿದೆ ಎಂದು ಹೊರಗಿನಿಂದ ಕಾಣದು. ಗೋಡೆಯ ಮೇಲಿದ್ದರೆ ಅದಕ್ಕೂ ಕ್ಷೇಮ, ಮನೆಯವರಿಗೂ ಕ್ಷೇಮ.

ಹಾಗಾದರೆ ಹೊಡೆಯಲೇಬಾರದೇ? ಹೊಡೆಯುವವರು ಹೊಡೆಯುತ್ತಾರೆ, ಕ್ರಮ ಬಲ್ಲವರು ಮೊದಲು ಬಂದೂಕು ಬಲ್ಲ ಕಮ್ಮಾರನ ಹತ್ತಿರ ಒಯ್ಯುತ್ತಾರೆ. ಅವನು ಚೇಂಬರ್ ಅಳೆಯುತ್ತಾನೆ, ನಳಿಗೆಯ ಗೋಡೆ ಎಲ್ಲಿ ಎಷ್ಟು ದಪ್ಪ ಉಳಿದಿದೆ ನೋಡುತ್ತಾನೆ, ಬಾಯಿ ಮುಚ್ಚುವ ತುಂಡು ಸಡಿಲಾಗಿದೆಯೇ ಪರೀಕ್ಷಿಸುತ್ತಾನೆ. ಬ್ರಿಟನ್‌ನಲ್ಲಿ ಕೋವಿಗಳನ್ನು ಸರ್ಕಾರಿ ಮಾನ್ಯತೆಯ ಪರೀಕ್ಷಾಲಯದಲ್ಲಿ ಹೆಚ್ಚಿನ ಒತ್ತಡಕ್ಕೆ ಒಡ್ಡಿ ಮುದ್ರೆ ಒತ್ತುವ ಕಾನೂನಿದೆ, ಅಮೆರಿಕದಲ್ಲಿ ಅಂಥ ಕಡ್ಡಾಯ ಇಲ್ಲ, ತಯಾರಕರ ಮಾತೇ ಪ್ರಮಾಣ. ಅದರಿಂದ ಈ ತಪಾಸಣೆಗೆ ಅಲ್ಲಿ ಇನ್ನಷ್ಟು ಬೆಲೆ. ಪಾಸಾದ ಕೋವಿಗೆ ಹಾಕುವುದು ಗಿಡ್ಡ ತೋಟಾ, ಕರಿಮದ್ದು ಅಥವಾ ಅಷ್ಟೇ ಒತ್ತಡದ ಬದಲಿ ಮದ್ದು, ಸೀಸದ ಚರೆ. 10 ಬೋರ್‌ಗೆ ಬೇಕಾದ 73 ಮಿಲಿಮೀಟರಿನ ತೋಟಾ ಅಂಗಡಿಯಲ್ಲಿ ಸುಲಭಕ್ಕೆ ಸಿಗದು, ಈಗ ಮಾರುವ 10 ಬೋರ್ ತೋಟಾ 89 ಮಿಲಿಮೀಟರಿನದು. ಹೊಡೆದಾದ ಮೇಲೆ ಬಿಸಿನೀರಿನಿಂದ ತೊಳೆಯಬೇಕು. ಕೋವಿಗೆ ನೀರು ಹೊಯ್ಯುವುದೇ ಎಂದು ಬೆಚ್ಚಬೇಡಿ. ಕರಿಮದ್ದಿನ ಮಸಿಯಲ್ಲಿರುವ ಲವಣಗಳು ಗಾಳಿಯ ತೇವ ಹೀರಿ ರಾತ್ರಿ ಬೆಳಗಾಗುವುದರಲ್ಲಿ ತುಕ್ಕು ಹಿಡಿಸುತ್ತವೆ, ಎಣ್ಣೆಗೆ ಅವು ಕರಗುವುದಿಲ್ಲ, ನೀರಿಗೇ ಕರಗಬೇಕು. ಆಮೇಲೆ ಒರೆಸಿ, ಒಣಗಿಸಿ, ಎಣ್ಣೆ.

ಸೀಸದ ಚರೆ ಎಂದೆ, ಅಲ್ಲೂ ಒಂದು ತೊಡಕಿದೆ. ಕೆರೆಯ ತಳದಲ್ಲಿ ಬಿದ್ದ ಸೀಸವನ್ನು ಕಲ್ಲುಹರಳೆಂದು ನುಂಗಿ ಹಕ್ಕಿಗಳು ವಿಷವೇರಿ ಸಾಯುತ್ತವೆ ಎಂದು ಅಮೆರಿಕದಲ್ಲಿ 1991ರಿಂದ ನೀರುಹಕ್ಕಿಗಳ ಬೇಟೆಗೆ ಸೀಸ ನಿಷೇಧ. ಬದಲಿಗೆ ಉಕ್ಕಿನ ಚರೆ. ಹಳೆಯ ಮೆದು ನಳಿಗೆಗೆ ಉಕ್ಕಿನ ಚರೆ ಆಗಿಬಾರದು, ಒಳಮೈ ಗೀರುತ್ತದೆ, ಮೂತಿಯ ಹತ್ತಿರ ಉಬ್ಬಿಸುತ್ತದೆ. ಬಿಸ್ಮತ್ ಚರೆ ಇದೆ, ದುಬಾರಿ. ಬಾತುಕೋಳಿಗೆಂದೇ ಹುಟ್ಟಿದ ಕೋವಿ ಇವತ್ತು ಬಾತುಕೋಳಿ ಬೇಟೆಗೆ ಸಲ್ಲುವುದು ಕಷ್ಟ.

ಅದಕ್ಕೇ ಅದು ಈಗ ಸದ್ದು ಮಾಡುವುದು ಆಟದ ಬಯಲಿನಲ್ಲಿ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಕೌಬಾಯ್ ಗುರಿಯಾಟದಲ್ಲಿ ಹತ್ತೊಂಬತ್ತನೇ ಶತಮಾನದ ವೇಷ ತೊಟ್ಟು, ಅಡ್ಡಹೆಸರು ಇಟ್ಟುಕೊಂಡು, ಆ ಕಾಲದ ಮಾದರಿಯ ಪಿಸ್ತೂಲು, ರೈಫಲ್ಲು, ಚರೆ ಕೋವಿಗಳಿಂದ ಕಬ್ಬಿಣದ ತಟ್ಟೆಗಳನ್ನು ಕೆಡವುತ್ತಾರೆ. ಚರೆ ಕೋವಿಗೆ ಒಮ್ಮೆಗೆ ಎರಡೇ ತೋಟಾ ತುಂಬಬಹುದು ಎಂಬುದು ನಿಯಮ. ಜೋಡಿನಳಿಗೆಯವರಿಗೂ ಸಮಾನ ಅವಕಾಶ ಇರಲಿ ಎಂಬ ಏರ್ಪಾಡು. ಐದು ಈಡಿನ ಕೋವಿಗೆ ಇದ್ದ ಒಂದೇ ಹೆಚ್ಚುಗಾರಿಕೆಯೂ ಹೀಗೆ ಹೋಯಿತು! ಅಲ್ಲಿ ಬಹಳ ಜನ ಹಿಡಿಯುವುದು ಇಟಲಿ ಅಥವಾ ಚೀನಾದಲ್ಲಿ ತಯಾರಾದ ಹೊಸ ನಕಲು. ಉಕ್ಕು ಹೊಸದು, ಚೇಂಬರ್ ಇಂದಿನ ತೋಟಾದ ಅಳತೆಗೇ ಕೊರೆದದ್ದು. ಇದನ್ನು ಕೆಲವು ಸಂಗ್ರಾಹಕರು ಕೀಳಾಗಿ ನೋಡುತ್ತಾರೆ. ನನಗೆ ಇದೇ ಸರಿ ಎನಿಸುತ್ತದೆ. ವಾರಕ್ಕೆ ನೂರು ಈಡು ಹೊಡೆಯುವ ಆಸೆ ಇದ್ದವನು ನಕಲು ಕೊಳ್ಳಲಿ. ಅಸಲಿಯನ್ನು ವರ್ಷಕ್ಕೊಮ್ಮೆ ಹಗುರ ತೋಟಾದಲ್ಲಿ ಹೊಡೆದು ನೋಡಿದರೆ ಸಾಕು, ಅದರ ಬೀಸು, ಹೊಗೆ ತಿಳಿಯಲು.

ನಕಲುಗಳಿಗೆ ಗಿರಾಕಿ ಹುಟ್ಟಿಸಿದ್ದರಲ್ಲಿ 1991ರ ‘ಟರ್ಮಿನೇಟರ್ 2’ ಚಿತ್ರದ ಪಾಲು ಸಣ್ಣದಲ್ಲ. ಮೋಟಾರ್‌ಸೈಕಲ್ ಓಡಿಸುತ್ತಲೇ ಅರ್ನಾಲ್ಡ್ ಶ್ವಾರ್ಜ಼ನೆಗರ್ ಒಂದೇ ಕೈಯಲ್ಲಿ ಗರಗರ ತಿರುಗಿಸಿ ಈಡು ತುಂಬುವುದು ಇದೇ ಮಾಡೆಲ್ 1887. ಅದಕ್ಕಾಗಿ ಲಿವರ್ರಿನ ಬಳೆಯನ್ನು ದೊಡ್ಡದು ಮಾಡಿಸಿದ್ದರು. ಮೂಲ ಅಳತೆಯ ಬಳೆಯಲ್ಲಿ ಆ ಸಾಹಸಕ್ಕೆ ಇಳಿದರೆ ಮುರಿಯುವುದು ಬೆರಳು.

ನಮ್ಮಲ್ಲಿ ಈ ಲಿವರ್ ಕೋವಿ ಮನೆಮಾತಲ್ಲ. ಆದರೆ ಹಳೆಯ ಕೋವಿಯ ಪ್ರಶ್ನೆ ನಮ್ಮಲ್ಲೂ ಇದೆ, ಅದಕ್ಕೆ ಕೊಟ್ಟ ಉತ್ತರ ಅಮೆರಿಕಕ್ಕಿಂತ ತೀರ ಬೇರೆ. 1959ರ ಆಯುಧ ಕಾಯ್ದೆಯ 45ನೇ ಕಲಮಿನಲ್ಲಿ ಹಳೆಯ ಮಾದರಿಯ, ಪುರಾತನ ಮೌಲ್ಯದ ಆಯುಧಗಳಿಗೆ ವಿನಾಯಿತಿ ಇದೆ. ಷರತ್ತು ಒಂದೇ: ರಿಪೇರಿ ಮಾಡಿಯಾಗಲಿ ಮಾಡದೆಯಾಗಲಿ ಅದು ಬಂದೂಕಾಗಿ ಬಳಕೆಗೆ ಬರುವಂತಿರಬಾರದು. 1898 ಆಗಲಿ 1798 ಆಗಲಿ, ಈಡು ಹಾರಿಸಬಲ್ಲದು ಎಂದಾದರೆ ಲೈಸೆನ್ಸ್ ಬೇಕು. ತರ್ಕಕ್ಕೆ ಇದು ನೇರವಾಗಿದೆ. ಆದರೆ ಇದಕ್ಕೊಂದು ಬೆಲೆಯೂ ಇದೆ. 2019ರ ತಿದ್ದುಪಡಿ ಒಬ್ಬರಿಗೆ ಎರಡೇ ಬಂದೂಕು ಎಂದಿತು, ಪಿತ್ರಾರ್ಜಿತವಾಗಿ ಬಂದದ್ದೂ ಆ ಎರಡರೊಳಗೇ. ಮೂರನೆಯದಾಗಿ ಮುತ್ತಜ್ಜನ ಕೋವಿ ಮನೆಯಲ್ಲಿದ್ದರೆ ಕೊಡಬೇಕು, ಇಲ್ಲವೇ ಎಂದೂ ಬಳಕೆಗೆ ಬಾರದಂತೆ ಕೆಡಿಸಬೇಕು. ಕೆಡಿಸಿದ ಕೋವಿ ಜೀವಕ್ಕೆ ನಿರಪಾಯ, ಇತಿಹಾಸಕ್ಕೆ ಅರೆಹೆಣ. ಅದು ಹೇಗೆ ಕೆಲಸ ಮಾಡುತ್ತಿತ್ತು ಎಂದು ಮುಂದಿನವರಿಗೆ ತೋರಿಸಲಾಗದು. ವಸ್ತುಸಂಗ್ರಹಾಲಯಗಳಿಗೆ ಒಪ್ಪಿಸುವ ದಾರಿಯನ್ನು ಸರ್ಕಾರ ಸುಲಭ ಮಾಡಿದರೆ ಇಂಥವು ಕೆಲವಾದರೂ ಉಳಿದಾವು.

ಕೊಡಗಿನ ಮಾತು ಬೇರೆ. ಬಂದೂಕು ಲೈಸೆನ್ಸಿನಿಂದ 1861ರಿಂದ ಬಂದ ವಿನಾಯಿತಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇದೆ. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿದೆ. ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ತೋಕ್ ಪೂ ಎಂಬ ಹೂ ಮುಡಿಸಿ ಪೂಜಿಸುತ್ತಾರೆ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯವಾಡುತ್ತಾರೆ. ಚೇಂಬರಿನ ಉದ್ದದ ಪ್ರಶ್ನೆ ನಮ್ಮ ನೆಲಕ್ಕೆ ನೇರವಾಗಿ ತಾಗುವುದು ಇಲ್ಲಿ, ಮತ್ತು ಮಲೆನಾಡಿನ ಹಳೆಯ ಎಸ್ಟೇಟ್ ಮನೆಗಳಲ್ಲಿ. ಇಂಗ್ಲೆಂಡಿನಲ್ಲಿ ತಯಾರಾದ ಹಳೆಯ ಜೋಡಿನಳಿಗೆ ಕೋವಿಗಳ ಚೇಂಬರ್ ಸಾಮಾನ್ಯವಾಗಿ ಎರಡೂವರೆ ಇಂಚಿನದು, ವಿಂಚೆಸ್ಟರ್‌ಗಿಂತಲೂ ಗಿಡ್ಡ. ಲೈಸೆನ್ಸಿನಲ್ಲಿ, ವಿನಾಯಿತಿ ಪತ್ರದಲ್ಲಿ 12 ಬೋರ್ ಎಂದಿದ್ದರೆ ಅದು ನಳಿಗೆಯ ಅಗಲವಷ್ಟೇ. 70 ಮಿಲಿಮೀಟರಿನ ತೋಟಾ ಅದಕ್ಕೂ ಸಲೀಸಾಗಿ ಒಳಹೋಗುತ್ತದೆ. 1925ರ ನಿಯಮಗಳ ನಂತರದ ಬ್ರಿಟಿಷ್ ಕೋವಿಯಾದರೆ ನಳಿಗೆ ಬಿಚ್ಚಿ ಅಡಿಭಾಗ ನೋಡಿದರೆ ಪರೀಕ್ಷಾಲಯದ ಮುದ್ರೆಯ ಪಕ್ಕದಲ್ಲಿ ಚೇಂಬರಿನ ಉದ್ದವನ್ನೂ ಕೊರೆದಿರುತ್ತಾರೆ. ಅದಕ್ಕಿಂತ ಹಿಂದಿನದಾದರೆ, ಅಥವಾ ಮುದ್ರೆ ಸವೆದು ಹೋಗಿದ್ದರೆ, ಬಲ್ಲವರಿಂದ ಅಳೆಸಿದ ಮೇಲೆಯೇ ತೋಟಾ ಕೊಳ್ಳಬೇಕು.